ಕಬ್ಬಿಣ ಹೊತ್ತ ದೋಣಿಯ ಹೊಟ್ಟೆಯಲ್ಲಿ

ನಾನು ಕೆಲಸಕ್ಕೆ ಸೇರಿದಾಗ ಅದು ಜೋಳ ಸಾಗಿಸುವ ದೋಣಿಯಾಗಿತ್ತು. ಉದ್ದನೆಯ, ಚಪ್ಪಟೆ ತಳದ, ಎರಡು ಡೀಸೆಲ್ ಇಂಜಿನ್ನುಗಳ ದೋಣಿ. ಮುಂದೆ ಸಾಮಾನು ತುಂಬುವ ದೊಡ್ಡ ಹೊಟ್ಟೆ, ಹಿಂದೆ ಇಂಜಿನ್ ಕೋಣೆ, ಅದರ ನೆತ್ತಿಯ ಮೇಲೆ ಚುಕ್ಕಾಣಿ ಹಿಡಿಯುವವರ ಮರದ ಗೂಡು. ಆಫ್ರಿಕಾದ ಒಂದು ದೊಡ್ಡ ನದಿಯಲ್ಲಿ ಅದು ಮೇಲಿನ ಊರುಗಳಿಗೆ ಸಿಮೆಂಟು, ಸಕ್ಕರೆ, ಸಾಬೂನು ಒಯ್ಯುತ್ತಿತ್ತು. ಬರುವಾಗ ಜೋಳ ತುಂಬಿಕೊಂಡು ಬರುತ್ತಿತ್ತು. ಆ ದೇಶದ ಹೆಸರನ್ನು ಬರೆಯಲಾರೆ. ನನ್ನ ಜೊತೆ ಇದ್ದವರು ಇನ್ನೂ ಅಲ್ಲೇ ಇದ್ದಾರೆ, ಅಲ್ಲಿಯ ಜಗಳವೂ ಪೂರ್ತಿ ತಣ್ಣಗಾಗಿಲ್ಲ.

ನಾನು ಅಲ್ಲಿಗೆ ಹೋದದ್ದು ಹೇಗೆಂದು ಕೇಳುವವರಿದ್ದಾರೆ. ಅದರಲ್ಲಿ ದೊಡ್ಡ ಕಥೆಯೇನೂ ಇಲ್ಲ. ಹುಟ್ಟಿದ್ದು ಹಳೆ ಬಾಗಲಕೋಟೆಯಲ್ಲಿ, ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ದೊಡ್ಡವನಾದದ್ದು ನವನಗರದಲ್ಲಿ. ಐಟಿಐಯಲ್ಲಿ ಡೀಸೆಲ್ ಕೆಲಸ ಕಲಿತು, ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ಕಂಪ್ರೆಸರ್ ನೋಡಿಕೊಂಡಿದ್ದೆ. ಆಮೇಲೆ ಹುನಗುಂದ ತಾಲೂಕಿನ ಹಿನ್ನೀರಿನಲ್ಲಿ ಜನ, ಬೈಕು, ಟ್ರ್ಯಾಕ್ಟರುಗಳನ್ನು ದಾಟಿಸುವ ಬಾರ್ಜಿನ ಇಂಜಿನ್ ಕೆಲಸ ಸಿಕ್ಕಿತು. ಆ ಬಾರ್ಜಿನ ರಿಪೇರಿಗೆ ಗೋವಾದಿಂದ ಬರುತ್ತಿದ್ದ ಒಬ್ಬ ಮಿಸ್ತ್ರಿ, ತನಗೆ ಗೊತ್ತಿದ್ದ ಆಫ್ರಿಕಾದ ದೋಣಿ ಮಾಲೀಕರಿಗೆ ನನ್ನ ಹೆಸರು ಹೇಳಿದ. ನನ್ನ ಹೆಂಡತಿ ಹುನಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ಮೂರು ವರ್ಷ ಮಾತ್ರ ಎಂದು ಅವಳಿಗೆ ಹೇಳಿ ಹೋದೆ. ಮಗಳನ್ನು ಕರೆದುಕೊಂಡು ಅವಳು ಇಳಕಲ್ಲಿನ ಬಾಡಿಗೆ ಮನೆಯಲ್ಲಿ ಉಳಿದಳು.

ಅಲ್ಲಿ ಚುಕ್ಕಾಣಿ ಹಿಡಿಯುವ ಹಿರಿಯನನ್ನು ರಯೀಸ್ ಎನ್ನುತ್ತಾರೆ. ನಮ್ಮ ರಯೀಸರಿಗೆ ಅರವತ್ತು ದಾಟಿತ್ತು. ಎತ್ತರದ ಮನುಷ್ಯ, ಕಡಿಮೆ ಮಾತು. ಅವರ ಭಾಷೆ ಅರಬ್ಬಿ, ನನಗೆ ಬರುತ್ತಿದ್ದದ್ದು ಕನ್ನಡ ಮತ್ತು ಮುರುಕು ಹಿಂದಿ. ಆದರೆ ಸಾಬೂನು, ಕುರ್ಚಿ, ಖಬರು, ದುನಿಯಾ, ದವಾ ಇಂಥ ಮಾತುಗಳು ಇಬ್ಬರಲ್ಲೂ ಇದ್ದವು. ನಾನು ಬಾಗಲಕೋಟೆಯ ಓಣಿಯಲ್ಲಿ ಕಲಿತ ಮಾತನ್ನು ಅವರು ಆ ನದಿಯ ದಂಡೆಯಲ್ಲಿ ಆಡುವುದನ್ನು ಕೇಳಿ ಮೊದಲ ದಿನವೇ ನಗು ಬಂದಿತ್ತು. ಒಂದು ವರ್ಷದಲ್ಲಿ ಒಬ್ಬರ ಮಾತು ಒಬ್ಬರಿಗೆ ಸಾಕಷ್ಟು ತಿಳಿಯತೊಡಗಿತು. ಅವರು ನನ್ನನ್ನು 'ಹಿಂದೀ' ಎಂದು ಕರೆಯುತ್ತಿದ್ದರು, ಎಂದರೆ ಹಿಂದೂಸ್ತಾನದವನು. ಅವರಾಡಿದ್ದನ್ನು ಇಲ್ಲಿ ನನಗೆ ತಿಳಿದ ಹಾಗೆ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅವರ ಮನೆಯಲ್ಲಿ ಜೋಳದ ಹಿಟ್ಟನ್ನು ಹುಳಿ ಬರಿಸಿ ತೆಳ್ಳಗೆ ಹೊಯ್ದ ರೊಟ್ಟಿ ಮಾಡುತ್ತಿದ್ದರು. ಬಡಿದು ಮಾಡಿದ ರೊಟ್ಟಿಯ ರುಚಿ ಅದಕ್ಕಿರಲಿಲ್ಲ. ಆದರೂ ಜೋಳ ಜೋಳವೇ.

ಯುದ್ಧ ಶುರುವಾದದ್ದು ದೂರದ ರಾಜಧಾನಿಯಲ್ಲಿ. ಸಾಮಾನು ಬರುವುದು ನಿಂತಾಗಲೇ ನಮಗೆ ಅದರ ಬಿಸಿ ತಟ್ಟಿದ್ದು. ಮಾಲೀಕರ ಫೋನು ಹತ್ತುತ್ತಿರಲಿಲ್ಲ. ದೋಣಿಯನ್ನು ಕಟ್ಟೆಗೆ ಕಟ್ಟಿ ಕಾಯುತ್ತಿದ್ದಾಗ ಒಂದು ಬೆಳಿಗ್ಗೆ ಸೈನ್ಯದ ಅಧಿಕಾರಿಯೊಬ್ಬ ಸಿಪಾಯಿಗಳೊಂದಿಗೆ ಬಂದ. ತೆಳ್ಳಗಿನ ಮನುಷ್ಯ, ಮುಖದ ತುಂಬ ನಿದ್ದೆಗೇಡು. ಒರಟಾಗಿ ಮಾತಾಡಲಿಲ್ಲ. ದೋಣಿ ಸೈನ್ಯಕ್ಕೆ ಬೇಕಾಗಿದೆ, ದೋಣಿಯ ಜೊತೆ ಅದನ್ನು ನಡೆಸುವವರೂ ಬೇಕು ಎಂದ. ನಾನು ಪರದೇಶದವನು, ನನ್ನನ್ನು ಬಿಡಿ ಎಂದು ಕೇಳಿಕೊಂಡೆ. ಈಗ ಹೊರಟರೆ ದಾರಿಯಲ್ಲಿ ಸಾಯುತ್ತೀ, ಇಲ್ಲಿದ್ದರೆ ಬದುಕಿಕೊಳ್ಳಬಹುದು ಎಂದು ನನ್ನ ಪಾಸ್‌ಪೋರ್ಟನ್ನು ಜೋಪಾನಕ್ಕೆಂದು ತನ್ನ ಚೀಲದಲ್ಲಿ ಇಟ್ಟುಕೊಂಡ. ರಯೀಸರು ತಮ್ಮ ಚೀಲ ತಂದು ಗೂಡಿನಲ್ಲಿಟ್ಟರು. ಆ ನದಿಯಲ್ಲಿ ಹಿಂದೆಯೂ ಇಂಥದ್ದನ್ನು ಅವರು ಕಂಡಿದ್ದರಂತೆ.

ಆಮೇಲೆ ಕಬ್ಬಿಣ ಬಂತು. ಹಾಳುಬಿದ್ದ ಕಾರ್ಖಾನೆಯ ಟಾಕಿಗಳನ್ನು ಕೊಯ್ದ ಪ್ಲೇಟುಗಳು, ರೈಲು ಡಬ್ಬಿಯ ಗೋಡೆಗಳು, ಸೇತುವೆಗೆಂದು ತಂದಿದ್ದ ದಪ್ಪ ಹಲಗೆಗಳು. ಲಾರಿಯಿಂದ ಇಳಿಸಿ ಒಂದೊಂದನ್ನೇ ದೋಣಿಯ ಮೈಗೆ ನಿಲ್ಲಿಸಿ ಬೆಸುಗೆ ಹಾಕಬೇಕು. ಬೆಸುಗೆ ಬಲ್ಲವರಲ್ಲಿ ನಾನೂ ಒಬ್ಬನಾದ್ದರಿಂದ ಆ ಕೆಲಸಕ್ಕೆ ನನ್ನನ್ನೂ ಹಚ್ಚಿದರು. ಹೀಗೆ ನನ್ನ ಇಂಜಿನ್ ಕೋಣೆಯನ್ನು ನಾನೇ ಮುಚ್ಚಿದೆ. ಗಾಳಿ ಬರುವ ಕಿಂಡಿಗಳನ್ನಾದರೂ ಬಿಡಬೇಕೆಂದು ಅಧಿಕಾರಿಗೆ ಹೇಳಿದಾಗ, ಗಾಳಿ ಬರುವಲ್ಲಿ ಗುಂಡೂ ಬರುತ್ತದೆ ಎಂದ. ಕಡೆಗೆ ಅಂಗೈ ಅಗಲದ ಒಂದು ಸಂದಿಗೆ ಒಪ್ಪಿದ. ಚುಕ್ಕಾಣಿಯ ಗೂಡಿಗೆ ಮೂರು ಕಡೆ ಪ್ಲೇಟು ಬಂತು. ಹಿಂಬದಿಗೆ ಕಬ್ಬಿಣ ಸಾಲದೆ ಹಾಗೇ ಬಿಟ್ಟರು. ಮೂತಿಯ ಮೇಲೆ ಮರಳಿನ ಚೀಲಗಳ ನಡುವೆ ಒಂದು ತೋಪು ಕೂಡಿಸಿದರು. ಅಧಿಕಾರಿ ಆವತ್ತಿನಿಂದ ಅದನ್ನು ಗನ್‌ಬೋಟ್ ಎಂದು ಕರೆದ.

ದೋಣಿ ನೀರಿನಲ್ಲಿ ಗೇಣಿಗಿಂತ ಹೆಚ್ಚು ಇಳಿಯಿತು. ಇದು ಇಷ್ಟು ಆಳ ಕೂತರೆ ನೀರು ಇಳಿಯುವ ಕಾಲಕ್ಕೆ ಮರಳಿಗೆ ಸಿಕ್ಕಿಕೊಳ್ಳುತ್ತದೆ ಎಂದು ರಯೀಸರು ಅಧಿಕಾರಿಗೆ ತಿಳಿಸಿ ಹೇಳಿದರು. ನೀರು ಇಳಿಯುವುದರೊಳಗೆ ಯುದ್ಧ ಮುಗಿಯುತ್ತದೆ ಎಂದು ಅವನು ಉತ್ತರ ಕೊಟ್ಟ. ಮೊದಲ ಸಲ ಕಟ್ಟೆ ಬಿಟ್ಟು ಒಂದು ತಿರುವು ದಾಟಿದ ಮೇಲೆ ರಯೀಸರು ದೋಣಿಯನ್ನು ದಂಡೆಗೆ ತಾಗಿಸಿ, ಕೆಳಗಿಳಿದು ಬಂದು ನನ್ನ ಹತ್ತಿರ ಕೂತರು.

“ಹಿಂದೀ, ಈ ದ್ವಾಣಿ ಇನ್ನ ನನ್ನ ಮಾತು ಕೇಳೂದಿಲ್ಲ. ಹೊಳಿ ಮಾತೂ ಕೇಳೂದಿಲ್ಲ,” ಎಂದರು.

ಆ ದೋಣಿಯ ಯುದ್ಧವನ್ನು ನಾನು ನೋಡಲಿಲ್ಲ. ಇದನ್ನು ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ. ತಿಂಗಳುಗಟ್ಟಲೆ ಅದರ ಹೊಟ್ಟೆಯಲ್ಲಿ ಇದ್ದೆ, ಆದರೆ ಒಬ್ಬ ವೈರಿಯ ಮುಖವನ್ನೂ ಕಾಣಲಿಲ್ಲ. ಕೇಳಿದೆ, ಅಷ್ಟೆ. ಸಣ್ಣ ಗುಂಡುಗಳು ಪ್ಲೇಟಿಗೆ ಬಡಿದರೆ ಕ್ವಾರಿಯಲ್ಲಿ ಕಲ್ಲಿನ ಚೂರು ಸಿಡಿದು ತಗಡಿಗೆ ತಾಗಿದ ಸದ್ದು. ದೊಡ್ಡದೇನಾದರೂ ಬಡಿದರೆ ಇಡೀ ದೋಣಿ ಗುಂಯ್ ಎನ್ನುತ್ತಿತ್ತು, ಮೇಲಿನಿಂದ ತುಕ್ಕು ಉದುರಿ ಚಹಾದ ಲೋಟಕ್ಕೆ ಬೀಳುತ್ತಿತ್ತು. ನಮ್ಮದೇ ತೋಪು ಹಾರಿದಾಗಲೆಲ್ಲ ಇಂಜಿನ್ನು ಕೂತ ಬೋಲ್ಟುಗಳು ಸಡಿಲಾಗುತ್ತಿದ್ದವು. ಪಾನಾ ಹಿಡಿದು ಅವನ್ನು ಬಿಗಿಯುವುದು, ಸೋರುವ ನಳಕ್ಕೆ ಬಟ್ಟೆ ಸುತ್ತುವುದು, ಎಣ್ಣೆ ನೋಡುವುದು, ಮತ್ತೆ ಬಿಗಿಯುವುದು. ಯುದ್ಧವೆಂದರೆ ನನಗೆ ಬಹುಮಟ್ಟಿಗೆ ಇದೇ ಆಗಿತ್ತು. ಸೆಕೆ ಎಷ್ಟೆಂದರೆ ಪಾನಾವನ್ನು ಬರಿಗೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ. ಗೋಣಿಚೀಲ ನೆನೆಸಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದೆ. ನೋಡನೋಡುತ್ತ ಅದು ಒಣಗುತ್ತಿತ್ತು.

ನಾನು ಮೇಲೆ ಓಡಿಹೋಗದಂತೆ ಒಬ್ಬ ಸಿಪಾಯಿಯನ್ನು ಏಣಿಯ ಬುಡದಲ್ಲಿ ಕಾವಲು ಕೂಡಿಸಿದ್ದರು. ವಯಸ್ಸಿನಲ್ಲಿ ನನ್ನಷ್ಟೇ. ಸೈನ್ಯಕ್ಕೆ ಹಿಡಿದು ತರುವ ಮೊದಲು ದನ ಸಾಕಿಕೊಂಡಿದ್ದವನು. ಮೊದಮೊದಲು ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದ. ಆಮೇಲೆ ಸೆಕೆಗೆ ಅವನೂ ಅಂಗಿ ಬಿಚ್ಚಿದ, ಬಂದೂಕನ್ನು ಏಣಿಗೆ ಒರಗಿಸಿದ, ಬಕೆಟ್ಟಿನಲ್ಲಿ ನೀರು ಎತ್ತಿ ಕೊಡತೊಡಗಿದ. ಅವನಿಗೆ ಇಂಜಿನ್ನೆಂದರೆ ಭಯ. ಅದರ ಸದ್ದು ಬದಲಾದರೆ, ಹುಷಾರಿಲ್ಲದ ದನವನ್ನು ನೋಡಿದಂತೆ ಅದನ್ನು ನೋಡಿ ಆಮೇಲೆ ನನ್ನ ಕಡೆ ತಿರುಗುತ್ತಿದ್ದ.

ಮೇಲೆ ಹೋಗುವಾಗ ಹೊಟ್ಟೆಯ ತುಂಬ ಸಿಪಾಯಿಗಳು. ಬರುವಾಗ ಗಾಯಾಳುಗಳು. ಜೋಳದ ಚೀಲ ಒಟ್ಟುತ್ತಿದ್ದ ಜಾಗದಲ್ಲಿ ಅವರನ್ನು ಸಾಲಾಗಿ ಮಲಗಿಸುತ್ತಿದ್ದರು. ಅವರಿಗೂ ನನಗೂ ನಡುವೆ ಒಂದು ತಗಡಿನ ಗೋಡೆ, ಅದರಲ್ಲೊಂದು ಸಣ್ಣ ಬಾಗಿಲು. ನರಳುವುದು ಇಂಜಿನ್ನಿನ ಸದ್ದನ್ನೂ ದಾಟಿ ಕೇಳುತ್ತಿತ್ತು. ಇಂಜಿನ್ನು ನಿಲ್ಲಿಸಿದರೆ ಇನ್ನೂ ಹೆಚ್ಚು. ಸಿಪಾಯಿ ಮತ್ತು ನಾನು ಸರದಿಯ ಮೇಲೆ ಬಾಗಿಲು ತೆರೆದು ನೀರು ಕೊಡುತ್ತಿದ್ದೆವು. ಒಂದು ಸಲ ಅಲ್ಲಿ ನೆಲ ತೊಳೆಯಲು ಹೋದಾಗ, ಹಲಗೆಗಳ ಸಂದಿಯಲ್ಲಿ ಉಳಿದಿದ್ದ ಜೋಳ ತೇವಕ್ಕೆ ಮೊಳಕೆ ಒಡೆದದ್ದು ಕಂಡಿತು. ಬಿಳಿಚಿದ ಸಣ್ಣ ಮೊಳಕೆಗಳು. ತೊಳೆಯುವುದನ್ನು ಅಲ್ಲಿಗೇ ಬಿಟ್ಟು ಬಂದೆ. ಆ ಹೊತ್ತಿಗೆ ನನಗೆ ಹೆದರಿಕೆ ಹೋಗಿ ಬರೀ ದಣಿವು ಉಳಿದಿತ್ತು. ಊಟ ಮಾಡುವಾಗ ಕೈ ಬಾಯಿಗೆ ಬರುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಹೆಂಡತಿಯ, ಮಗಳ ಮುಖ ನೆನಪಿಸಿಕೊಳ್ಳಲು ಕೂತರೆ ಅದಕ್ಕೂ ಶಕ್ತಿ ಸಾಲುತ್ತಿರಲಿಲ್ಲ.

ನದಿಯ ಮೇಲ್ಭಾಗದ ಒಂದು ಊರಿಗೆ ಮುತ್ತಿಗೆ ಬಿದ್ದಿತ್ತು. ಒಳಗೆ ಸೈನ್ಯದವರಿದ್ದರು, ಊರವರೂ ಇದ್ದರು. ಅವರಿಗೆ ಮದ್ದುಗುಂಡು, ಕಾಳುಕಡಿ ಮುಟ್ಟಿಸಿ ಗಾಯಾಳುಗಳನ್ನು ತರಬೇಕೆಂದು ಹುಕುಂ ಬಂತು. ಆ ಊರಿನ ಕೆಳಗೆ ನದಿ ಕಿರಿದು, ಎರಡೂ ದಂಡೆಗೆ ಆಳೆತ್ತರದ ಜೊಂಡು. ಅದಲ್ಲದೆ ನಮ್ಮ ಕೆರೆಗಳಲ್ಲಿ ಬೆಳೆಯುವ ನೇರಳೆ ಹೂವಿನ ಅಂತರಗಂಗೆ ಅಲ್ಲಿ ನೀರಿನ ಮೇಲೆ ಹಾಸಿಕೊಂಡಿತ್ತು. ಇಂಜಿನ್ನಿಗೆ ತಂಪು ಸಿಗುವುದು ಹೊಳೆಯ ನೀರಿನಿಂದಲೇ. ಪಂಪು ಆ ನೀರನ್ನು ಎಳೆಯುವ ಬಾಯಿಗೊಂದು ಜಾಲರಿ. ಆ ಜಾಲರಿಗೆ ಅಂತರಗಂಗೆ ಮೆತ್ತಿಕೊಂಡರೆ ನೀರು ನಿಲ್ಲುತ್ತದೆ, ಇಂಜಿನ್ನು ಕಾದು ಹಿಡಿದುಕೊಳ್ಳುತ್ತದೆ. ಮೊದಲೂ ಹೀಗಾಗಿತ್ತು. ಆಗೆಲ್ಲ ದಂಡೆಗೆ ನಿಲ್ಲಿಸಿ ತೆಗೆಯುತ್ತಿದ್ದೆವು.

ಆವತ್ತು ಜೊಂಡಿನ ನಡುವೆ ಇರುವಾಗಲೇ ಕಾವು ಏರತೊಡಗಿತು. ಹೊರಗೆ ಗುಂಡಿನ ಸದ್ದು ಶುರುವಾಗಿತ್ತು. ರಯೀಸರು ಮೇಲಿನಿಂದ ಗಂಟೆ ಬಾರಿಸಿ ಹೇಳುತ್ತಿದ್ದರು: ಒಂದು ಬಾರಿಸಿದರೆ ಮುಂದೆ, ಎರಡಕ್ಕೆ ನಿಲ್ಲು, ಮೂರಕ್ಕೆ ಹಿಂದೆ. ಅವರು ಒಂದೊಂದೇ ಬಾರಿಸುತ್ತಲೇ ಇದ್ದರು. ನಾನು ಏಣಿ ಹತ್ತಿ ತಲೆ ಹೊರಗೆ ಹಾಕಿ, ನಿಲ್ಲಿಸಲೇಬೇಕು ಎಂದು ಕೂಗಿದೆ. ಆ ಗದ್ದಲದಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ, ಗಂಟೆ ನಿಂತಿತು. ಎರಡೂ ಇಂಜಿನ್ನು ಬಂದ್ ಮಾಡಿದೆ.

ನೆಲದ ಹಲಗೆ ಎತ್ತಿ ಬೋರಲು ಮಲಗಿ ಭುಜದವರೆಗೆ ಕೈ ಇಳಿಸಿದೆ. ನೀರು ಸುಡುತ್ತಿತ್ತು. ಸಿಪಾಯಿ ಬ್ಯಾಟರಿ ಹಿಡಿದು ನನ್ನ ಪಕ್ಕದಲ್ಲೇ ಮಲಗಿದ. ನಾನು ಕಿತ್ತು ಕೊಟ್ಟ ಬೇರಿನ ಸಿಂಬೆಗಳನ್ನು ಅವನು ಹಿಂದಕ್ಕೆ ಎಸೆಯುತ್ತಿದ್ದ. ದೋಣಿ ಮೆಲ್ಲಗೆ ತಿರುಗುತ್ತಿರುವುದು ಹೊಟ್ಟೆಯ ಅಡಿಯಲ್ಲಿ ತಿಳಿಯುತ್ತಿತ್ತು. ಗುಂಡುಗಳು ಇಷ್ಟು ಹೊತ್ತು ಎಡಕ್ಕೆ ಬಡಿಯುತ್ತಿದ್ದವು, ಈಗ ಹಿಂಬದಿಗೆ ಬಡಿಯತೊಡಗಿದವು. ಸಿಪಾಯಿ ತನ್ನ ದೇವರ ಹೆಸರು ಹೇಳುತ್ತಿದ್ದ. ನಾನು ಏನು ಹೇಳಿದೆನೋ ನೆನಪಿಲ್ಲ, ಬಹುಶಃ ಏನೂ ಇಲ್ಲ. ಜಾಲರಿ ಬಿಟ್ಟಿತು. ಇಂಜಿನ್ನು ಎರಡನೆಯ ಸಲಕ್ಕೆ ಹತ್ತಿತು. ಮೇಲಿನಿಂದ ಗಂಟೆ ಬರಲಿ ಎಂದು ಕಾದೆ. ಬಹಳ ಹೊತ್ತಿನ ಮೇಲೆ ಒಂದು ಗಂಟೆ ಬಂತು.

ಆ ಊರಿನ ಕಟ್ಟೆಗೆ ಮುಟ್ಟಿದ ಮೇಲೆ ಗೂಡಿಗೆ ಹತ್ತಿ ನೋಡಿದೆ. ದೋಣಿ ತಿರುಗಿದಾಗ ಗೂಡಿನ ತೆರೆದ ಹಿಂಬದಿ ದಂಡೆಯತ್ತ ಆಗಿತ್ತು. ರಯೀಸರ ಎಡತೋಳಿಗೆ ಗುಂಡು ಬಿದ್ದು ಮೂಳೆ ಮುರಿದಿತ್ತು. ಅವರು ಬಲಗೈಯಲ್ಲಿ ಚಕ್ರ ಹಿಡಿದೇ ಕಟ್ಟೆಯವರೆಗೆ ತಂದಿದ್ದರು. ಇಂಜಿನ್ನು ನಿಂತಿರದಿದ್ದರೆ, ಎಂದು ನಾನು ಶುರು ಮಾಡಿದೆ. ಅವರು ತಲೆ ಅಲ್ಲಾಡಿಸಿ ಕುಡಿಯಲು ನೀರು ಕೇಳಿದರು. ಆ ಮಾತನ್ನು ಮುಂದೆ ಎಂದೂ ಎತ್ತಲು ಬಿಡಲಿಲ್ಲ.

ಗಾಯಾಳುಗಳನ್ನು ತುಂಬಿಕೊಂಡು ತಿರುಗಿ ಬರುವಾಗ ನೀರು ಇಳಿದಿತ್ತು. ರಯೀಸರು ಮೊದಲೇ ಹೇಳಿದ್ದ ಹಾಗೆಯೇ ಆಯಿತು. ನಡುಹೊಳೆಯಲ್ಲಿ ದೋಣಿ ಮರಳು ಹತ್ತಿ ಕೂತಿತು. ಹಿಂದೆ ಮುಂದೆ ಜಗ್ಗಾಡಿ ನೋಡಿದೆವು, ಅಲ್ಲಾಡಲಿಲ್ಲ. ಅಧಿಕಾರಿ ವೈರ್‌ಲೆಸ್ಸಿನಲ್ಲಿ ಮಾತಾಡಿದ. ಎರಡು ದಿನದ ಮೇಲೆ ದಂಡೆಗೆ ಲಾರಿಗಳು ಬಂದವು. ತೋಪು ಬಿಚ್ಚಿ ಸಣ್ಣ ದೋಣಿಯಲ್ಲಿ ಸಾಗಿಸಿದರು, ಸಿಪಾಯಿಗಳೂ ಹೋದರು, ಅಧಿಕಾರಿಯೂ ಹೋದ. ನಡೆಯಲಾಗದ ಗಾಯಾಳುಗಳಿಗೆ ಲಾರಿಯಲ್ಲಿ ಜಾಗ ಇರಲಿಲ್ಲ. ಎಳೆಯಲು ಇನ್ನೊಂದು ದೋಣಿ ಕಳಿಸುತ್ತೇನೆ ಎಂದು ಹೇಳಿ ಹೋದ. ಹೋಗುವಾಗ ನನ್ನ ಕೈ ಕುಲುಕಿದ. ಪಾಸ್‌ಪೋರ್ಟ್ ಅವನ ಚೀಲದಲ್ಲೇ ಹೋಯಿತು. ಕೇಳುವ ನೆನಪು ನನಗೂ ಆಗಲಿಲ್ಲ, ಕೊಡುವ ನೆನಪು ಅವನಿಗೂ ಆಗಲಿಲ್ಲ. ದೋಣಿ ಕಾಯಲು ಅದೇ ಸಿಪಾಯಿಯನ್ನು ಬಿಟ್ಟಿದ್ದರು.

ಇನ್ನೊಂದು ದೋಣಿ ಬರಲಿಲ್ಲ. ಜೊಂಡಿನಲ್ಲಿ ಅಡಗಿದ್ದ ಹಳ್ಳಿಯ ಜನ, ಹೆಚ್ಚಾಗಿ ಹೆಂಗಸರು ಮತ್ತು ಮುದುಕರು, ಸಿಪಾಯಿಗಳು ಹೋದದ್ದನ್ನು ಕಂಡು ನೀರಿನ ಅಂಚಿಗೆ ಬಂದು ಕೂತರು. ದೋಣಿಯ ಕಡೆ ನೋಡುತ್ತ ಕೂತಿರುತ್ತಿದ್ದರು. ಲಾರಿಗಳು ಹೋದ ಮೂರನೆಯ ದಿನ ರಯೀಸರು ನನ್ನನ್ನು ಕರೆದರು. ಜ್ವರದಿಂದ ಅವರ ತುಟಿ ಒಡೆದಿದ್ದವು.

“ಗ್ಯಾಸ್ ಎಷ್ಟೈತಿ?”

ಕಬ್ಬಿಣ ಕೊಯ್ಯುವ ಕಟರಿನದು ಒಂದು ಸಿಲಿಂಡರು ಉಳಿದಿದೆ ಎಂದೆ.

“ಕಬ್ಬಣ ಕೊಯ್ದ್ ಹಾಕು,” ಎಂದರು. “ಕೇಳಾವ್ರು ಯಾರೂ ಇಲ್ಲ.”

ನಾನು ಸಿಪಾಯಿಯ ಮುಖ ನೋಡಿದೆ. ಅವನು ಬಂದೂಕನ್ನು ಗೂಡಿನಲ್ಲಿಟ್ಟು ಬಂದು ಪ್ಲೇಟಿಗೆ ಹಗ್ಗ ಕಟ್ಟಿದ.

ಪ್ಲೇಟುಗಳನ್ನು ಕೊಯ್ಯುವಷ್ಟು ಗ್ಯಾಸು ಇರಲಿಲ್ಲ, ಬೆಸುಗೆಯನ್ನಷ್ಟೇ ಬಿಡಿಸಬೇಕಿತ್ತು. ಹಾಕುವಾಗ ಗಟ್ಟಿಯಾಗಿ ಹಾಕಿದ್ದೆ. ಬಿಡಿಸುವಾಗ ಅದು ಕಷ್ಟವಾಯಿತು. ದಂಡೆಯ ಜನ ನೀರಿಗಿಳಿದು ಬಂದು ಹಗ್ಗ ಜಗ್ಗಿದರು. ಒಂದೊಂದೇ ಪ್ಲೇಟು ಬಾಗಿ, ನಿಂತು, ಆಮೇಲೆ ನೀರಿಗೆ ಬೀಳುತ್ತಿತ್ತು. ಬಿದ್ದ ಮೇಲೆ ನೀರು ಸ್ವಲ್ಪ ಹೊತ್ತು ಕೆಂಪಗಿರುತ್ತಿತ್ತು, ತುಕ್ಕಿನ ಕೆಂಪು. ಇಂಜಿನ್ ಕೋಣೆಯ ಎಡಗೋಡೆಯ ಪ್ಲೇಟು ಬಿದ್ದಾಗ ಒಳಗೆ ಗಾಳಿ ಬಂತು. ನಾನು ಕಟರ್ ಆರಿಸಿ, ಇದ್ದಲ್ಲೇ ಕೂತುಬಿಟ್ಟೆ. ರಯೀಸರು ಮೇಲಿನಿಂದ ಬೈಯುವವರೆಗೂ ಏಳಲಿಲ್ಲ. ಗ್ಯಾಸ್ ಮುಗಿಯುವಾಗ ಮೂತಿಯ ಕಡೆ ನಾಲ್ಕಾರು ಪ್ಲೇಟು ಉಳಿದಿದ್ದವು. ಆದರೆ ದೋಣಿ ಅಲ್ಲಾಡುತ್ತಿತ್ತು. ಆ ಜನ ಗಳ ಹಾಕಿ ಒತ್ತಿದರು, ನಾನು ಇಂಜಿನ್ನು ಹಿಂದಕ್ಕೆ ಕೊಟ್ಟೆ, ಮಧ್ಯಾಹ್ನದ ಹೊತ್ತಿಗೆ ಅದು ಮರಳು ಬಿಟ್ಟು ತೇಲಿತು.

ಎಲ್ಲರನ್ನೂ ಹತ್ತಿಸಿಕೊಂಡೆವು. ಯಾರೋ ಕೊಟ್ಟ ಬಿಳಿ ಬಟ್ಟೆಯನ್ನು ಗೂಡಿನ ಮೇಲೆ ಕಟ್ಟಿದೆವು. ಕೆಳಗಿನ ದೊಡ್ಡ ಬಂದರಿಗೆ ಮುಟ್ಟುವವರೆಗೂ ಎರಡೂ ದಂಡೆಯಿಂದ ಯಾರೂ ಗುಂಡು ಹಾರಿಸಲಿಲ್ಲ. ಯಾಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ದಾರಿಯಲ್ಲಿ ಗಾಯಾಳುಗಳಲ್ಲಿ ಇಬ್ಬರು ತೀರಿಕೊಂಡರು, ಮರಳುದಿಣ್ಣೆಯಲ್ಲಿ ಹೂಳಿದೆವು. ಒಂದು ಕಡೆ ದಂಡೆಯ ಮೇಲೆ ದನಗಳ ಹಿಂಡು ಕಂಡಿತು. ಸಿಪಾಯಿ ಅದನ್ನೇ ನೋಡುತ್ತ ನಿಂತಿದ್ದ. ಇಲ್ಲಿ ಇಳಿಯುತ್ತೇನೆ ಎಂದು ಕೈಯಿಂದ ತೋರಿಸಿದ. ರಯೀಸರು ದೋಣಿಯನ್ನು ದಂಡೆಗೆ ತಾಗಿಸಿದರು. ಅವನು ನನ್ನ ಎರಡೂ ಭುಜ ಹಿಡಿದು ಅಲುಗಿಸಿ, ಸಮವಸ್ತ್ರದ ಅಂಗಿಯನ್ನು ಬಿಚ್ಚಿ ದೋಣಿಯಲ್ಲೇ ಎಸೆದು, ಹಿಂದಿರುಗಿ ನೋಡದೆ ನಡೆದ. ಅವನ ಬಂದೂಕನ್ನು ರಯೀಸರು ನೀರಿಗೆ ಹಾಕಿಸಿದರು.

ಬಂದರಿನಲ್ಲಿ ನಮ್ಮ ದೇಶದ ಕಚೇರಿಯವರು ಸಿಕ್ಕರು. ಊರಿಗೆ ಹೋಗಲು ಕಾಗದಪತ್ರ ಆಗುವವರೆಗೆ ದಿನಾ ರಯೀಸರಿದ್ದ ಆಸ್ಪತ್ರೆಗೆ ಹೋಗುತ್ತಿದ್ದೆ. ತೋಳು ಉಳಿಯಿತು, ಆದರೆ ಕೈ ಎತ್ತಲು ಬರುತ್ತಿರಲಿಲ್ಲ. ನಮ್ಮ ಕಡೆ ಬಂದುಬಿಡಿ, ಚಿಕಿತ್ಸೆ ಮಾಡಿಸೋಣ ಎಂದು ಏನೇನೋ ಹೇಳಿದೆ. ಹೊರಡುವ ದಿನ ಅವರು ನನ್ನ ಕೈ ಹಿಡಿದುಕೊಂಡು, “ನೀ ನಿನ್ನ ಮನಿಗೆ ಹೋಗು. ನಾ ನನ್ನ ಮನ್ಯಾಗ ಅದೇನಿ,” ಎಂದರು. ಆಸ್ಪತ್ರೆಯ ಪಡಸಾಲೆಯಲ್ಲಿ ನೆಲದ ಮೇಲೆ ಮಲಗಿ ಆ ಮಾತು ಹೇಳಿದರು.

ಊರಿಗೆ ಬಂದಾಗ ಹೆಂಡತಿಯೂ ಅವಳ ಅಣ್ಣನೂ ಹುಬ್ಬಳ್ಳಿಗೆ ಕಾರು ತಂದಿದ್ದರು. ಅವಳು ಕಲಾದಗಿಯ ತವರಿಗೂ ಹೋಗದೆ ಅಷ್ಟೂ ತಿಂಗಳು ನನ್ನ ಸುದ್ದಿ ಕೇಳುತ್ತ ಬಾಗಲಕೋಟೆಯ ಕಚೇರಿಗಳಿಗೆ ಅಲೆದದ್ದನ್ನು ದಾರಿಯಲ್ಲಿ ಅವಳಣ್ಣ ಹೇಳಿದ. ಅಮೀನಗಡದಲ್ಲಿ ಕಾರು ನಿಲ್ಲಿಸಿ ಕರದಂಟು ತಂದು ಕೈಗಿಟ್ಟರು. ಒಂದು ತುಂಡು ಬಾಯಲ್ಲಿರುವಾಗಲೇ ನಿದ್ದೆ ಹೋದೆನಂತೆ. ಮನೆ ಮುಟ್ಟಿದ ಮೇಲೂ ವಾರಗಟ್ಟಲೆ ಮಲಗಿದ್ದೆ. ಎದ್ದು ಉಣ್ಣುವುದು, ಮಲಗುವುದು. ಮಗಳು ಶಾಲೆಯಿಂದ ಬಂದು ನನ್ನ ಪಕ್ಕದಲ್ಲಿ ಕೂತು ಬರೆಯುತ್ತಿದ್ದಳು. ತೋಪಿನ ಸದ್ದಿನಿಂದ ನನ್ನ ಎಡಗಿವಿ ಪೂರಾ ಕೇಳುತ್ತಿರಲಿಲ್ಲ. ಅವಳು ಅದನ್ನು ಬೇಗ ಅರಿತು ಬಲಕ್ಕೆ ಬಂದು ಕೂರತೊಡಗಿದಳು.

ಇಳಕಲ್ಲಿನಲ್ಲಿ ಓಣಿಯವರು ಸೇರಿ ಒಂದು ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಮೈಕು. ನಾನು ಯುದ್ಧನೌಕೆಯಲ್ಲಿ ನಿಂತು ವೈರಿಗಳನ್ನು ಎದುರಿಸಿದ ಧೀರ ಎಂದು ಒಬ್ಬರು ಭಾಷಣ ಮಾಡಿದರು. ನನ್ನನ್ನು ಮಾತಾಡಲು ಕರೆದಾಗ ಎದ್ದು ನಿಂತೆ. ಯಾರು ವೈರಿ ಎಂದು ನನಗೆ ತಿಳಿದಿರಲಿಲ್ಲ, ನಮ್ಮ ತೋಪಿನ ಗುಂಡು ಯಾರ ಮೇಲೆ ಬಿತ್ತೆಂದೂ ತಿಳಿಯದು. ಅದನ್ನೆಲ್ಲ ಅಲ್ಲಿ ಹೇಳುವುದು ಹೇಗೆ. ಎಲ್ಲರಿಗೂ ನಮಸ್ಕಾರ, ನನಗೆ ಬಹಳ ದಣಿವಾಗಿದೆ ಎಂದು ಕೂತೆ. ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಮೇಲೆ ಹೆಂಡತಿ ಶಾಲನ್ನು ಮಡಿಸಿ ಇಡುತ್ತ, ಇನ್ನು ಯಾರೇ ಕರೆದರೂ ತಾನೇ ಬೇಡವೆಂದು ಹೇಳಿಬಿಡುತ್ತೇನೆ ಎಂದಳು. ಹಾಗೇ ಮಾಡಿದಳು ಕೂಡ.

ಹಿನ್ನೀರಿನ ಬಾರ್ಜಿನವರು ಹಳೆಯ ಕೆಲಸಕ್ಕೆ ಕರೆದರು. ಹೋದೆ. ಇಂಜಿನ್ನಿನ ಗುಂಡಿಗೆ ಇಳಿಯಲು ಎರಡು ಮೆಟ್ಟಿಲು, ಮೇಲೆ ಮುಚ್ಚಳ. ಮೊದಲ ಮೆಟ್ಟಿಲಲ್ಲಿ ನಿಂತವನಿಗೆ ಕೆಳಗೆ ಇಳಿಯಲಾಗಲಿಲ್ಲ. ಕಾಲು ಬರಲಿಲ್ಲ, ಅಷ್ಟೆ. ದಾಟಲು ಬಂದ ಜನ ಬೈಕುಗಳ ಮೇಲೆ ಕೂತು ಕಾಯುತ್ತಿದ್ದರು. ಗುತ್ತಿಗೆದಾರ ಒಳ್ಳೆಯವನು. ಬೇರೆಯವನನ್ನು ಇಳಿಸಿ, ನನಗೆ ಚಹಾ ತರಿಸಿ, ಬಸ್ಸಿಗೆ ಹತ್ತಿಸಿದ. ಆ ಬೇಸಿಗೆಯಲ್ಲಿ ಹೆಂಡತಿಗೆ ಬಾದಾಮಿ ತಾಲೂಕಿಗೆ ವರ್ಗವಾಯಿತು. ಅವಳೇ ಕೇಳಿಕೊಂಡು ಮಾಡಿಸಿಕೊಂಡಿದ್ದಳು. ನನ್ನನ್ನು ಗುರುತಿಸುವವರು ಇಲ್ಲದ ಕಡೆ ಇರಲಿ ಎಂದು. ಬಾದಾಮಿಯಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಸೇರಿಕೊಂಡೆ. ಗ್ಯಾರೇಜಿಗೆ ಗೋಡೆ ಇರಲಿಲ್ಲ, ತಗಡಿನ ನೆರಳು ಮಾತ್ರ. ಅದು ನನಗೆ ಸರಿಹೋಯಿತು.

ಮರುವರ್ಷ ಮಳೆಗಾಲದಲ್ಲಿ ಮಲಪ್ರಭೆ ಏರಿತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟದ್ದರಿಂದ ಹೊಳೆದಂಡೆಯ ಹಳ್ಳಿಗಳಿಗೆ ನೀರು ಹೊಕ್ಕಿತು. ಮೋಟಾರು ದೋಣಿ ತಂದಿದ್ದಾರೆ, ನಡೆಸುವವರು ಸಾಲುತ್ತಿಲ್ಲ ಎಂದು ತಾಲೂಕು ಕಚೇರಿಯಿಂದ ಗ್ಯಾರೇಜಿಗೆ ಜನ ಬಂದರು. ಯಾರು ನನ್ನ ಹೆಸರು ಹೇಳಿದರೋ. ಬರುವುದಿಲ್ಲ ಎನ್ನಬೇಕೆಂದೇ ಎದ್ದು ಹೊರಗೆ ಬಂದೆ. ಅವರಲ್ಲಿ ಒಬ್ಬನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಸುಮ್ಮನೆ ಜೀಪು ಹತ್ತಿದೆ.

ಅದು ರಬ್ಬರಿನ ದೋಣಿ. ಇಂಜಿನ್ನು ಹಿಂದೆ ಬಯಲಿನಲ್ಲಿ ನೇತಾಡುತ್ತದೆ, ಅದನ್ನು ಹಿಡಿದು ಕೂರುವುದು, ಅಷ್ಟೆ. ಕಬ್ಬಿನ ತುದಿಗಳು ನೀರಿನಲ್ಲಿ ಕಾಣುತ್ತಿದ್ದವು, ಅದರ ಮೇಲೆಯೇ ಹೋದೆವು. ಎರಡು ದಿನ ಜನರನ್ನು ಸಾಗಿಸಿದೆ. ಎರಡನೆಯ ದಿನ ಒಂದು ಮಾಳಿಗೆಯ ಮೇಲೆ ಮುದುಕಿಯೊಬ್ಬಳು ಒಬ್ಬಳೇ ಕೂತಿದ್ದಳು. ಮನೆಯವರೆಲ್ಲ ಹೋಗಿದ್ದರು, ಇವಳು ಎದ್ದಿರಲಿಲ್ಲ. ದೋಣಿ ತಾಗಿಸಿ ಬಾ ಎಂದರೆ ಬರಲೊಲ್ಲಳು.

“ಎಮ್ಮಿ ಹಗ್ಗಾ ಬಿಚ್ಚದ ನಾ ಬರೂದಿಲ್ಲಪಾ,” ಎಂದಳು.

ಹಿತ್ತಲಿನ ಕೊಟ್ಟಿಗೆಯಲ್ಲಿ ಎಮ್ಮೆಯ ಮೂತಿ ಮಾತ್ರ ನೀರಿನ ಮೇಲಿತ್ತು. ಒಳಗೆ ಕತ್ತಲೆ, ಎದೆಮಟ್ಟ ನೀರು, ತಲೆಗೆ ತಾಗುವ ಸೂರು. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತೆ. ಎಮ್ಮೆ ಒಂದು ಸಲ ಉಸಿರು ಬಿಟ್ಟಿತು. ಆಮೇಲೆ ಒಳಗೆ ಹೋಗಿ, ಗೂಟಕ್ಕೆ ಬಿಗಿದಿದ್ದ ಹಗ್ಗವನ್ನು ಸೂರಿಗೆ ಸಿಕ್ಕಿಸಿದ್ದ ಕುಡಗೋಲಿನಿಂದ ಕೊಯ್ದೆ. ಅದು ನನ್ನನ್ನು ಗೋಡೆಗೆ ಒತ್ತಿ ಹೊರಗೆ ನುಗ್ಗಿ ಎತ್ತರದ ಹೊಲದ ಕಡೆ ಈಸಿತು. ಮುದುಕಿ ಅದು ಕಣ್ಮರೆಯಾಗುವವರೆಗೆ ನೋಡಿ ದೋಣಿಗೆ ಇಳಿದಳು.

“ಯಾವೂರಾಂವೋ ನೀ?” ದಾರಿಯಲ್ಲಿ ಕೇಳಿದಳು.

“ಬಾಗಲಕೋಟಿ ಐತ್ರಿ ಯವ್ವಾ. ಹಳೇ ಬಾಗಲಕೋಟಿ.”

“ಹಂಗಾರ ನಿಂಗ ನೀರು ಗೊತ್ತೈತಿ,” ಎಂದು ಸೆರಗು ಹಿಂಡಿ ಮುಖ ಒರೆಸಿಕೊಂಡಳು.

ಅವಳನ್ನು ಕರೆದುಕೊಂಡು ಹೋದದ್ದು ನನ್ನ ಹೆಂಡತಿಯ ಶಾಲೆಗೇ. ಅಲ್ಲಿ ಗಂಜಿಕೇಂದ್ರ ತೆರೆದಿದ್ದರು. ಹೆಂಡತಿ ಎರಡು ದಿನದಿಂದ ಮನೆ ಮುಟ್ಟದೆ ಅಲ್ಲೇ ಇದ್ದಳು. ಕೂದಲು ಕೆದರಿತ್ತು, ಒಲೆಯ ಹೊಗೆಗೆ ಕಣ್ಣಲ್ಲಿ ನೀರು. ಮುದುಕಿಗೆ ಒಣಗಿದ ಸೀರೆಯೊಂದನ್ನು ಹುಡುಕಿ ಕೊಟ್ಟು, ಬಂದು ನನ್ನ ಹತ್ತಿರ ಗೋಡೆಗೆ ಒರಗಿ ಕೂತಳು. ನನ್ನ ಬಲಗಡೆ. ವರಾಂಡದಲ್ಲಿ ನಮ್ಮ ಮಗಳೂ ಉಳಿದ ಮಕ್ಕಳೂ ಒದ್ದೆ ಪುಸ್ತಕಗಳನ್ನು ಬಿಸಿಲಿಗೆ ಹರವುತ್ತಿದ್ದರು.

“ನಾ ಇನ್ನ ಬದ್ಲಿ ಕೇಳೂದಿಲ್ರಿ,” ಎಂದಳು. “ಇಲ್ಲೇ ಇದ್ದಬಿಡೂಣು. ನಂಗ ಸಾಕಾಗೇತಿ.”

ನಾನು ಹೂಂ ಎಂದೆ. ಗ್ಯಾರೇಜಿನ ಹತ್ತಿರ ಒಂದು ಮನೆ ಖಾಲಿ ಆಗುತ್ತದಂತೆ, ನೋಡೋಣ ಎಂದೆ. ಅಷ್ಟರಲ್ಲಿ ಅನ್ನ ಬೆಂದಿದೆ ಎಂದು ಅಡುಗೆಯವರು ಕೂಗಿದರು. ಜನ ಸಾಲಾಗಿ ಕೂರುತ್ತಿದ್ದರು. ಅವಳು ಸಾರಿನ ಬಕೆಟ್ಟು ಎತ್ತಿಕೊಂಡಳು, ನಾನು ಅನ್ನದ ಬುಟ್ಟಿ ಹಿಡಿದುಕೊಂಡು ಅವಳ ಮುಂದೆ ನಡೆದೆ.